ಸವೆದು ಮಾಸಿದ ಓಲ್ಡ್ ಜಡ್ಜ್ ಬೇಸ್‌ಬಾಲ್ ಕಾರ್ಡ್: ಅಸಲಿ ಹೌದೋ ಅಲ್ಲವೋ ನೋಡುವುದು ಹೇಗೆ?

ಎಡಿಸನ್‌ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಎನ್‌172 ಓಲ್ಡ್ ಜಡ್ಜ್ (1880ರ ದಶಕದ ಸಿಗರೇಟು ಪೊಟ್ಟಣದ ಬೇಸ್‌ಬಾಲ್ ಕಾರ್ಡು) ಎಂದು ಹೇಳಿ ನನಗೆ ಮಾರಿರುವ ಒಂದು ಕಾರ್ಡಿನ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು. ನ್ಯೂಯಾರ್ಕ್ ತಂಡದ ಆಟಗಾರ, ಹಾಲ್ ಆಫ್ ಫೇಮ್ ಗೌರವ ಪಡೆದ ದಿಗ್ಗಜರಲ್ಲ, ಎರಡೂ ಕೈ ಮೇಲೆತ್ತಿ ಚೆಂಡು ಹಿಡಿಯುವ ಭಂಗಿ. ಗ್ರೇಡಿಂಗ್ (ಕಂಪನಿಯವರು ಪರೀಕ್ಷಿಸಿ ದರ್ಜೆ ಕೊಡುವುದು) ಆಗಿಲ್ಲ. ಅಳತೆ 36 × 62 ಮಿ.ಮೀ. ನಾಲ್ಕೂ ಮೂಲೆ ಸವೆದು ಉರುಟಾಗಿವೆ. ಎಡ ಮೇಲ್ಮೂಲೆಯಿಂದ ಆಟಗಾರನ ಭುಜದವರೆಗೆ ಒಂದು ಮಡಿಕೆ ಗೆರೆ ಇದೆ. ಚಿತ್ರ ಹಳದಿಗಂದು ಬಣ್ಣಕ್ಕೆ ತಿರುಗಿದೆ, ಮುಖ ಕಾಣುತ್ತದೆ, ಕೆಳಗಿನ ಅಕ್ಷರಗಳು ಅರ್ಧ ಮಾಸಿವೆ. ಹಿಂಬದಿ ಖಾಲಿ, ಅಲ್ಲಲ್ಲಿ ಕಂದು ಕಲೆ. ಹಳೇ ಆಲ್ಬಂನಿಂದ ಬಿಡಿಸಿದ್ದು ಎಂದು ಮಾರಿದವರು ಹೇಳುತ್ತಾರೆ. ವಾಪಸು ಕೊಡಲು ಹತ್ತು ದಿನ ಅವಕಾಶ ಇದೆ. ನನ್ನ ಹತ್ತಿರ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಿರು ಭೂತಗನ್ನಡಿ) ಇದೆ, ಬೇರೇನಾದರೂ ಬೇಕಿದ್ದರೆ ತರಿಸುತ್ತೇನೆ. ಎಲ್ಲಿಂದ ಶುರು ಮಾಡಲಿ?

ತೆಳುಪದರ:

ಲೂಪ್ ಕೈಗೆತ್ತಿಕೊಳ್ಳುವ ಮೊದಲು ಈ ವಸ್ತು ಹೇಗೆ ತಯಾರಾಯಿತು ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ ಸವೆತ ನೋಡಿದರೂ ಅರ್ಥವಾಗುವುದಿಲ್ಲ.

ಓಲ್ಡ್ ಜಡ್ಜ್ ಎಂಬುದು ನ್ಯೂಯಾರ್ಕಿನ ಗುಡ್‌ವಿನ್ ಅಂಡ್ ಕಂಪನಿಯ ಸಿಗರೇಟು. 1886ರಿಂದ 1890ರವರೆಗಿನ ಅವಧಿಯಲ್ಲಿ ಪೊಟ್ಟಣದೊಳಗೆ ಈ ಕಾರ್ಡುಗಳು ಬರುತ್ತಿದ್ದವು. 500ಕ್ಕೂ ಹೆಚ್ಚು ಆಟಗಾರರು, ಭಂಗಿಗಳು ಸಾವಿರಗಟ್ಟಲೆ. ಎನ್‌172 ಎಂಬ ಗುರುತು ಅಮೆರಿಕದ ಕಾರ್ಡು ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಅವರ ಕ್ಯಾಟಲಾಗಿನದು. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆ ಅವರು ಎನ್ ಅಕ್ಷರ ಇಟ್ಟರು. ಅಳತೆ ಸುಮಾರು 1 7/16 × 2 1/2 ಇಂಚು. ನಿಮ್ಮ ಅಳತೆಯಲ್ಲಿ ತಕರಾರಿಲ್ಲ, ಒಂದು ಮಿಲಿಮೀಟರ್ ಆಚೀಚೆ ಇರುವುದು ಈ ಸರಣಿಯಲ್ಲಿ ಸಹಜ.

ಮುಖ್ಯ ವಿಷಯ ಏನೆಂದರೆ ಇದು ಶಾಯಿಯಲ್ಲಿ ಅಚ್ಚಾದ ಕಾರ್ಡಲ್ಲ, ರಟ್ಟಿಗೆ ಅಂಟಿಸಿದ ಅಸಲಿ ಫೋಟೊ. ತೆಳುವಾದ ಕಾಗದಕ್ಕೆ ಉಪ್ಪು ಬೆರೆಸಿದ ಮೊಟ್ಟೆಯ ಬಿಳಿ ಲೋಳೆ ಹಚ್ಚಿ ಒಣಗಿಸುತ್ತಿದ್ದರು. ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ, ನೆಗೆಟಿವ್ ಕೆಳಗಿಟ್ಟು ಬಿಸಿಲಿನಲ್ಲಿ ಚಿತ್ರ ಮೂಡಿಸಿ, ಚಿನ್ನದ ಉಪ್ಪಿನಲ್ಲಿ ಟೋನ್ ಮಾಡಿ (ಬಣ್ಣ ತಿದ್ದಿ), ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಲ್ಲಿ ತೊಳೆಯುತ್ತಿದ್ದರು. ಇದಕ್ಕೆ ಅಲ್ಬುಮೆನ್ ಪ್ರಿಂಟ್ ಅನ್ನುತ್ತಾರೆ. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಈ ವಿಧಾನವನ್ನು ಪ್ರಕಟಿಸಿದ ಮೇಲೆ ನಾಲ್ಕು ದಶಕ ಇದೇ ನಡೆಯಿತು. ಈ ಕಾಗದ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಹಾಗಾಗಿ ರಟ್ಟಿಗೆ ಅಂಟಿಸಲೇಬೇಕು.

ಆದ್ದರಿಂದ ನಿಮ್ಮ ಕಾರ್ಡನ್ನು ಅಂಚಿನಿಂದ ನೋಡಿದರೆ ಮೇಲಿನಿಂದ ಕೆಳಕ್ಕೆ ಹೀಗಿರಬೇಕು: ಹೊಳಪಿರುವ ಅಲ್ಬುಮೆನ್ ಪೊರೆ, ಅದರಡಿ ಚಿತ್ರದ ತೆಳು ಕಾಗದ, ಅಂಟು, ಕೊನೆಗೆ ರಟ್ಟು. ಮೂಲೆ ಸವೆಯುವಾಗಲೂ ಇದೇ ಕ್ರಮದಲ್ಲಿ ಸವೆಯಬೇಕು. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕಾಗದದ ನಾರು ಎದ್ದು ಜುಂಗಾಗುತ್ತದೆ, ಆಮೇಲೆ ಚಿತ್ರದ ಕಾಗದ ಹಿಂದೆ ಸರಿದು ರಟ್ಟು ಬಯಲಾಗುತ್ತದೆ, ಕೊನೆಯಲ್ಲಿ ರಟ್ಟೇ ಪದರ ಪದರವಾಗಿ ಬಿಡುತ್ತದೆ. ಸವೆದ ಮೂಲೆ ನಿಮಗೆ ಅನುಕೂಲವೇ. ಹೊಚ್ಚ ಹೊಸದರಂತಿರುವ ಕಾರ್ಡಿನಲ್ಲಿ ಈ ಪದರಗಳು ಕಣ್ಣಿಗೆ ಬೀಳುವುದಿಲ್ಲ.

ಅಂಚುಗಣ್ಣು:

ತೆಳುಪದರ ಅವರು ಹೇಳಿದ್ದಕ್ಕೆ ನಾನು ಸೇರಿಸುವುದು ಓರೆ ಬೆಳಕಿನ ಪರೀಕ್ಷೆ. ಸವೆದ ಕಾರ್ಡಿಗೆ ಇದೇ ಮೊದಲ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ಖರ್ಚೂ ಇಲ್ಲ.

ಕೋಣೆ ಕತ್ತಲು ಮಾಡಿ. ಕಾರ್ಡನ್ನು ಸಮತಟ್ಟಾದ ಕಪ್ಪು ಕಾಗದದ ಮೇಲಿಡಿ. ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು, 10–15 ಡಿಗ್ರಿ ಕೋನದಲ್ಲಿ ಬೆಳಕು ಕಾರ್ಡಿನ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ನಾಲ್ಕೂ ದಿಕ್ಕಿನಿಂದ ಹೀಗೆ ನೋಡಬೇಕು. ಸಾಮಾನ್ಯ ಬೆಳಕಿನಲ್ಲಿ ಕಂಡ ಪ್ರತಿ ಮಡಿಕೆ, ಗೀರು, ಕುಳಿ, ಹರುಕು ಓರೆ ಬೆಳಕಿನಲ್ಲೂ ಉಬ್ಬಿಯೋ ತಗ್ಗಿಯೋ ನೆರಳು ಬೀಳಿಸಲೇಬೇಕು. ಕಣ್ಣಿಗೆ ಮಡಿಕೆ ಕಾಣುತ್ತಿದೆ, ಓರೆ ಬೆಳಕಿನಲ್ಲಿ ಮೈ ನುಣ್ಣಗಿದೆ ಎಂದಾದರೆ ಆ ಮಡಿಕೆ ಬೇರೆ ಯಾವುದೋ ಅಸಲಿ ಕಾರ್ಡಿನದು. ಅದನ್ನು ಸ್ಕ್ಯಾನ್ ಮಾಡಿ ಮುದ್ರಿಸುವಾಗ ಚಿತ್ರದ ಜೊತೆ ಮಡಿಕೆಯೂ ಮುದ್ರಣವಾಗಿದೆ. ಮುಂದಿನ ಪರೀಕ್ಷೆಗಳೇ ಬೇಡ.

ಚಾಲಾಕಿ ನಕಲುಗಾರರು ಮುದ್ರಿತ ಮಡಿಕೆಯ ಮೇಲೆಯೇ ನಿಜವಾಗಿ ಮಡಿಸುವುದೂ ಉಂಟು. ಅಂಥ ಕಡೆ ಲೂಪ್ ಇಟ್ಟರೆ ಮುದ್ರಿತ ಗೆರೆಯೂ ನಿಜವಾದ ಗೆರೆಯೂ ಕೂದಲೆಳೆಯಷ್ಟಾದರೂ ಪಕ್ಕಪಕ್ಕ ಸರಿದಿರುತ್ತವೆ. ಅಸಲಿಯಲ್ಲಿ ಮಡಿಕೆಯ ಉದ್ದಕ್ಕೂ ಅಲ್ಬುಮೆನ್ ಪೊರೆ ಒಡೆದು, ಚಿತ್ರ ಚೂರು ಚೂರಾಗಿ ಉದುರಿ, ಒಡಕಿನೊಳಗೆ ಕೊಳೆ ಕೂತಿರುತ್ತದೆ. ಅಂದರೆ ಮಡಿಕೆ ಇರುವ ಕಡೆ ಚಿತ್ರವೇ ಇರುವುದಿಲ್ಲ.

ಮೂಲೆಗಳನ್ನು ಒಂದರ ಪಕ್ಕ ಒಂದು ಹೋಲಿಸಿ ನೋಡಿ. ಕೈಯಿಂದ ಕೈಗೆ ಓಡಾಡಿ ಸವೆದ ಕಾರ್ಡಿನಲ್ಲಿ ನಾಲ್ಕು ಮೂಲೆಯೂ ಒಂದೇ ಥರ ಇರುವುದು ಅಪರೂಪ. ಮರಳು ಕಾಗದದಲ್ಲಿ ಉಜ್ಜಿದ್ದರೆ ನಾಲ್ಕೂ ಒಂದೇ ದುಂಡು, ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ, 30 ಪಟ್ಟಿನಲ್ಲಿ ಸಮಾನಾಂತರ ಗೀರು ಕಾಣುತ್ತದೆ. ಚಹಾ ಅಥವಾ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿದ್ದರೆ ಕಂದು ಬಣ್ಣ ಹೊಸ ಹರುಕಿನ ಒಳಗೂ ಇಳಿದಿರುತ್ತದೆ, ಕಲೆಯ ಅಂಚಿನಲ್ಲಿ ನೀರು ನಿಂತು ಒಣಗಿದ ಗೆರೆ ಉಳಿಯುತ್ತದೆ. ವಯಸ್ಸಿನಿಂದ ಬಂದ ಕಂದು ಬಣ್ಣ ಹೊರಗಿನಿಂದ ಒಳಕ್ಕೆ ತಿಳಿಯಾಗುತ್ತಾ ಹೋಗುತ್ತದೆ, ಪದರ ಬಿಟ್ಟ ಕಡೆ ಒಳಗಿನ ರಟ್ಟು ತಿಳಿ ಬಣ್ಣದಲ್ಲೇ ಇರುತ್ತದೆ.

ತೆಳುಪದರ:

10 ಪಟ್ಟಿನ ಲೂಪ್ ಸಾಲದು ಸರ್. 30ರಿಂದ 60 ಪಟ್ಟಿನ, ದೀಪ ಇರುವ ಪಾಕೆಟ್ ಮೈಕ್ರೋಸ್ಕೋಪ್ ತರಿಸಿಕೊಳ್ಳಿ, ಬೆಲೆ ಹೆಚ್ಚಿಲ್ಲ. ಯುಎಸ್‌ಬಿ ಮೈಕ್ರೋಸ್ಕೋಪ್ ಆದರೆ ಫೋಟೊ ತೆಗೆದು ಇಲ್ಲಿ ಹಾಕಲೂ ಅನುಕೂಲ.

30 ಪಟ್ಟಿನಲ್ಲಿ ಮೊದಲು ಮಧ್ಯಮ ಕಂದು ಇರುವ ಜಾಗ ನೋಡಿ, ಅಂದರೆ ಸ್ಟುಡಿಯೋದ ಹಿಂಪರದೆ ಅಥವಾ ಪ್ಯಾಂಟಿನ ಮಡಿಕೆ. ಸಾಲಾಗಿ ಜೋಡಿಸಿದ ಚುಕ್ಕೆ ಕಂಡರೆ ಹಾಫ್‌ಟೋನ್, ಅಂದರೆ ಅಚ್ಚಿನ ಮನೆಯ ಕೆಲಸ. ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಅಸ್ತವ್ಯಸ್ತವಾಗಿ ಎರಚಿದ್ದರೆ ಇಂಕ್‌ಜೆಟ್; ಕಂದು ಒಂದೇ ಬಣ್ಣ ಅನಿಸಿದರೂ ಮುಖದ ಬೆಳಕಿನ ಭಾಗದಲ್ಲಿ ಈ ಬಿಡಿ ಚುಕ್ಕೆಗಳು ಅಡಗಲಾರವು. ಅಕ್ಷರದ ಅಂಚಿನಲ್ಲಿ ಪುಡಿ ಚೆಲ್ಲಿದಂತಿದ್ದರೆ ಲೇಸರ್ ಪ್ರಿಂಟರಿನ ಟೋನರ್.

ಚುಕ್ಕೆ ಇಲ್ಲ ಎಂದ ಮಾತ್ರಕ್ಕೆ ನಿಲ್ಲಬೇಡಿ. ಇವತ್ತಿನ ಲ್ಯಾಬ್‌ಗಳು ಮಾಡಿಕೊಡುವ ಫೋಟೊ ಪ್ರಿಂಟಿನಲ್ಲೂ ಚುಕ್ಕೆ ಇರುವುದಿಲ್ಲ. ನಕಲಿ ಕೊಂಡವರಲ್ಲಿ ಹಲವರು ಎಡವುವುದು ಇಲ್ಲೇ. ಅಲ್ಬುಮೆನ್ ಪೊರೆ ಪಾರದರ್ಶಕ, ಅದರ ಕೆಳಗೆ ಬಿಳಿ ಲೇಪ ಇಲ್ಲ. ಹಾಗಾಗಿ ಚಿತ್ರದ ಮೂಲಕವೇ ಕಾಗದದ ನಾರು ಕಾಣಬೇಕು. 1880ರ ದಶಕದ ಮಧ್ಯದಿಂದ ಬಂದ ಜೆಲಟಿನ್ ಮತ್ತು ಕೊಲೋಡಿಯನ್ ಕಾಗದಗಳಲ್ಲಿ ನಡುವೆ ಬೆರೈಟಾ ಎಂಬ ಬಿಳಿ ಲೇಪ ಇದೆ, ಅದು ನಾರನ್ನು ಪೂರ್ತಿ ಮುಚ್ಚುತ್ತದೆ. ಪ್ಲಾಸ್ಟಿಕ್ ಲೇಪದ ಈಗಿನ ಫೋಟೊ ಕಾಗದದಲ್ಲೂ ನಾರು ಕಾಣುವುದಿಲ್ಲ. ಗಾಢ ಭಾಗದ ಅಂಚಿನಲ್ಲಿ ನೀಲಿ ಬೆಳ್ಳಿಯ ಲೋಹದಂಥ ಹೊಳಪು ಕಂಡರೆ ಅದು ಸಾಮಾನ್ಯವಾಗಿ ಡೆವಲಪ್ ಮಾಡಿದ ಜೆಲಟಿನ್ ಫೋಟೊ, ಇಪ್ಪತ್ತನೇ ಶತಮಾನದಲ್ಲಿ ಯಾರೋ ತೆಗೆದ ಪ್ರತಿ.

ಇನ್ನೊಂದು ಗುರುತು ಬಿರುಕು. ಗಾಢ ಭಾಗದಲ್ಲಿ ಅಲ್ಬುಮೆನ್ ಪೊರೆ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ತುಂಡಾಗಿ ಬಿರಿದಿರುತ್ತದೆ. ಕಾಗದ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಮೇಲಿನ ಪೊರೆ ಅಷ್ಟು ಹಿಗ್ಗದೆ ಒಡೆಯುತ್ತದೆ.

ಅಕ್ಷರಗಳನ್ನು ಮರೆಯಬೇಡಿ. ಆಟಗಾರನ ಹೆಸರು, ತಂಡ, ಸಿಗರೇಟಿನ ಹೆಸರು ಇವೆಲ್ಲ ಚಿತ್ರದ ಜೊತೆಗೇ ಫೋಟೊ ಆಗಿ ಮೂಡಿದವು, ಮೇಲೆ ಶಾಯಿಯಲ್ಲಿ ಒತ್ತಿದ್ದಲ್ಲ. ಚಿತ್ರ ಎಷ್ಟು ಮಾಸಿದೆಯೋ ಅಕ್ಷರವೂ ಅಷ್ಟೇ ಮಾಸಿರಬೇಕು, ಬಣ್ಣವೂ ಅದೇ ಇರಬೇಕು. ಮಂಕಾದ ಚಿತ್ರದ ಕೆಳಗೆ ಕಪ್ಪಗೆ ಗರಿಗರಿಯಾದ ಅಕ್ಷರ ಇದ್ದರೆ ನಂಬಬಾರದು.

ಮೈಸೂರುಮಾಳಿಗೆ:

ಗುಲಾಬಿ ಛಾಯೆಯ ಓಲ್ಡ್ ಜಡ್ಜ್ ಕಾರ್ಡುಗಳು ಮಾರಾಟಕ್ಕೆ ಬರುತ್ತವೆ. ಅವು ಬಣ್ಣ ಹಾಕಿದ ನಕಲಿಯೇ?

ತೆಳುಪದರ:

ಅಲ್ಲ ಮೇಡಂ. ಆ ಕಾಲದಲ್ಲಿ ಅಲ್ಬುಮೆನ್ ಕಾಗದ ಗುಲಾಬಿ, ನೇರಳೆ ಬಣ್ಣ ಬೆರೆಸಿಯೂ ಮಾರಾಟವಾಗುತ್ತಿತ್ತು, ಬೆಳಕಿನ ಭಾಗ ಹಳದಿಯಾಗುವುದನ್ನು ಮರೆಮಾಡಲು. ಗುಲಾಬಿ ಓಲ್ಡ್ ಜಡ್ಜ್ ಅಸಲಿಯಲ್ಲೇ ಇವೆ. ಬಣ್ಣ ಬರೀ ಬೆಳಕಿನ ಭಾಗದಲ್ಲಿ ಸಮನಾಗಿ ಇದೆಯೇ, ಅಥವಾ ಹಿಂಬದಿ ರಟ್ಟಿಗೂ ಸೋರಿದೆಯೇ ನೋಡಿ. ರಟ್ಟಿಗೂ ಸೋರಿದ್ದರೆ ಆಮೇಲೆ ಯಾರೋ ಬಣ್ಣದ ನೀರಿನಲ್ಲಿ ಅದ್ದಿದ್ದಾರೆ.

ಮೈಸೂರುಮಾಳಿಗೆ:

ಧನ್ಯವಾದ. ಟಿ206 ಎಂಬ ಇನ್ನೊಂದು ತಂಬಾಕು ಸರಣಿಯ ಬೇಸ್‌ಬಾಲ್ ಕಾರ್ಡುಗಳಿಗೂ ಇದೇ ಪರೀಕ್ಷೆಗಳು ಸಾಕೇ?

ಅಂಚುಗಣ್ಣು:

ಇಲ್ಲ. ಟಿ206 ಬಂದದ್ದು 1909ರಿಂದ 1911ರಲ್ಲಿ, ಅದು ಬಣ್ಣದ ಕಲ್ಲಚ್ಚು. ಅಲ್ಲಿ ಶಾಯಿಯ ಚುಕ್ಕೆ ಇರಲೇಬೇಕು, ಹೆಸರು ಗಟ್ಟಿ ಶಾಯಿಯಲ್ಲಿರಬೇಕು. ಫೋಟೊ ಕಾರ್ಡಿನ ನಿಯಮ ಅಲ್ಲಿಗೆ ಒಯ್ದರೆ ಒಳ್ಳೆಯದನ್ನೇ ನಕಲಿ ಎಂದುಬಿಡುತ್ತೀರಿ.

ನೀಲಿಬೆಳಕು:

ಯುವಿ (ನೇರಳಾತೀತ ಬೆಳಕು) ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. 365 ನ್ಯಾನೋಮೀಟರ್ ಟಾರ್ಚ್ ಬೇಕು, ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವಂಥದ್ದು. ನೋಟು ಪರೀಕ್ಷೆಗೆ ಸಿಗುವ ಅಗ್ಗದ 395 ನ್ಯಾನೋಮೀಟರ್ ಟಾರ್ಚ್ ಬೇಡ, ಅದರ ನೇರಳೆ ಬೆಳಕು ಎಲ್ಲದರ ಮೇಲೂ ಬಿದ್ದು ಎಲ್ಲವೂ ಹೊಳೆದಂತೆ ಕಾಣುತ್ತದೆ. ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ಕತ್ತಲಲ್ಲಿ ಕಣ್ಣು ಒಂದೆರಡು ನಿಮಿಷ ಹೊಂದಿಕೊಳ್ಳಲಿ, ಬೆಳಕು ಕೆಲವೇ ಸೆಕೆಂಡು ಸಾಕು. ಹೋಲಿಕೆಗೆ ಪಕ್ಕದಲ್ಲಿ ಒಂದು ಬಿಳಿ ಪ್ರಿಂಟರ್ ಹಾಳೆ ಇಡಿ.

ಈಗಿನ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಹೊಳಪುಕಾರಕ ರಾಸಾಯನಿಕ ಸೇರಿಸುತ್ತಾರೆ. ಫೋಟೊ ಕಾಗದಕ್ಕೆ ಅದು 1950ರ ದಶಕದಲ್ಲಿ ಬಂತು. ಯುವಿಯಲ್ಲಿ ಅದು ನೀಲಿ ಬಿಳುಪಾಗಿ ಉರಿಯುತ್ತದೆ. 1880ರ ದಶಕದ ಕಾಗದ ಮತ್ತು ರಟ್ಟು ಮಂಕಾದ ಕೆನೆ ಬಣ್ಣದಲ್ಲಿ ಇರುತ್ತವೆ ಅಥವಾ ಹೊಳೆಯುವುದೇ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಹೊಳೆಯದಿದ್ದರೆ ಹಳೆಯದು ಎಂದು ತೀರ್ಮಾನಿಸಬೇಡಿ. ಹೊಳಪುಕಾರಕ ಇಲ್ಲದ ಕಾಗದ ಈಗಲೂ ಸಿಗುತ್ತದೆ, ಹಳೇ ಪುಸ್ತಕದ ಖಾಲಿ ಹಾಳೆಗಳನ್ನೂ ಹಳೇ ಕ್ಯಾಬಿನೆಟ್ ಕಾರ್ಡಿನ (ರಟ್ಟಿಗೆ ಅಂಟಿಸಿದ ಸ್ಟುಡಿಯೋ ಭಾವಚಿತ್ರ) ರಟ್ಟನ್ನೂ ನಕಲಿಗೆ ಬಳಸುತ್ತಾರೆ. ಎರಡು, ತೇಪೆ ತೇಪೆಯಾಗಿ ಹೊಳೆದರೆ ತಕ್ಷಣ ನಕಲಿ ಎನ್ನಬೇಡಿ. ಮೂಳೆ ಚರ್ಮದಿಂದ ಮಾಡಿದ ಹಳೇ ಅಂಟು, ಅಂದರೆ ಸರೇಸು, ಹಾಲು ಬಿಳುಪಾಗಿ ಹೊಳೆಯುತ್ತದೆ, ಆಲ್ಬಂನಿಂದ ಬಿಡಿಸಿದ ಕಾರ್ಡಿನ ಬೆನ್ನಿನಲ್ಲಿ ಅದು ಉಳಿದಿರುವುದು ಮಾಮೂಲು. ರಟ್ಟಿನ ನಾರೇ ಉದ್ದಗಲಕ್ಕೂ ಒಂದೇ ಸಮ ಉರಿಯುತ್ತಿದ್ದರೆ ಮಾತ್ರ ಅದು ಹೊಸ ರಟ್ಟು.

ಎಡಿಸನ್‌ಕನ್ನಡಿಗ:

ಎಲ್ಲರಿಗೂ ಧನ್ಯವಾದ. 60 ಪಟ್ಟಿನ ಮೈಕ್ರೋಸ್ಕೋಪ್, 365ರ ಟಾರ್ಚ್ ಎರಡೂ ಬಂದವು. ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಮುಂಬದಿ: ಚುಕ್ಕೆ ಎಲ್ಲೂ ಇಲ್ಲ. ಅಂಗಿಯ ಭಾಗದಲ್ಲಿ ನಾರು ಸ್ಪಷ್ಟವಾಗಿ ಕಾಣುತ್ತದೆ. ಟೋಪಿ, ಬೆಲ್ಟಿನ ಗಾಢ ಭಾಗದಲ್ಲಿ ಸಣ್ಣ ಬಿರುಕಿನ ಜಾಲ. ಅಕ್ಷರ ಚಿತ್ರದಷ್ಟೇ ಮಾಸಿದೆ, ಅದೇ ಕಂದು. ಮಡಿಕೆ ಓರೆ ಬೆಳಕಿನಲ್ಲಿ ಉಬ್ಬಿ ಕಾಣುತ್ತದೆ, ಒಡಕಿನಲ್ಲಿ ಚಿತ್ರ ಉದುರಿದೆ, ಕೊಳೆ ಕೂತಿದೆ. ಯುವಿಯಲ್ಲಿ ಮುಂಬದಿ ಮಂಕು ಹಳದಿ.

ಹಿಂಬದಿ: ಯುವಿಯಲ್ಲಿ ಪೂರ್ತಿ ನೀಲಿ ಬಿಳುಪು, ಪ್ರಿಂಟರ್ ಹಾಳೆಗಿಂತ ಸ್ವಲ್ಪ ಕಡಿಮೆ. ಕಂದು ಕಲೆ ಇರುವ ಕಡೆ ಮಾತ್ರ ಕಪ್ಪಾಗಿದೆ. ಇದು ಸರೇಸು ಇರಬಹುದೇ?

ಅಂಚುಗಣ್ಣು:

ಪೂರ್ತಿ ಒಂದೇ ಸಮ ಎಂದ ಮೇಲೆ ಸರೇಸಲ್ಲ. ಮೂರು ವಿಷಯ ನೋಡಿ ಹೇಳಿ ಸರ್.

ಮುಂದಿನ ಮಡಿಕೆಯ ನೇರಕ್ಕೆ ಹಿಂಬದಿಯಲ್ಲಿ ಗೆರೆ ಇದೆಯೇ? ಚಿತ್ರವನ್ನೂ ಪೊರೆಯನ್ನೂ ಒಡೆಯುವಷ್ಟು ಬಲವಾಗಿ ಮಡಿಸಿದ್ದರೆ ರಟ್ಟು ಮಡಚದೆ ಇರಲು ಸಾಧ್ಯವಿಲ್ಲ, ಓರೆ ಬೆಳಕಿನಲ್ಲಿ ಹಿಂದೆಯೂ ಕಾಣಬೇಕು.

ಕಾರ್ಡನ್ನು ಎರಡು ಪುಸ್ತಕದ ನಡುವೆ ನೆಟ್ಟಗೆ ನಿಲ್ಲಿಸಿ, ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನಾಲ್ಕೂ ಕಡೆ ನೋಡಿ. ಕೆನೆ ಬಣ್ಣದ ಪದರ ಎಷ್ಟು, ಬಿಳಿ ಪದರ ಎಷ್ಟು, ನಡುವೆ ಹೊಳೆಯುವ ಗೆರೆ ಇದೆಯೇ? ಅದೇ ಅಂಚನ್ನು ಯುವಿಯಲ್ಲೂ ನೋಡಿ.

ಮೂಲೆಯಲ್ಲಿ ಚಿತ್ರ ಸವೆದಷ್ಟೇ ರಟ್ಟೂ ಸವೆದಿದೆಯೇ, ಅಥವಾ ಚಿತ್ರ ಜುಂಗಾಗಿ ರಟ್ಟು ಕತ್ತರಿಸಿದಂತೆ ನುಣ್ಣಗಿದೆಯೇ?

ಅವಸರ ಬೇಡ. ಉಗುರಿನಿಂದ ಕೆದಕಬೇಡಿ, ನೀರು ತಾಗಿಸಬೇಡಿ. ಹತ್ತಿಗೆ ನೀರು ಹಚ್ಚಿ ಒತ್ತಿ ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ, ಅದು ಅಸಲಿ ಅಲ್ಬುಮೆನ್‌ಗೆ ಶಾಶ್ವತ ಹಾನಿ ಮಾಡುತ್ತದೆ.

ಕಾಗದನಾರು:

ಮಾರಿದವರು ಆಲ್ಬಂನಿಂದ ಬಿಡಿಸಿದ್ದು ಎಂದರಲ್ಲ, ಆ ಮಾತನ್ನೇ ಹಿಡಿಯಿರಿ. ಆಲ್ಬಂಗೆ ಅಂಟಿಸಿದ್ದನ್ನು ಕಿತ್ತರೆ ಬೆನ್ನಿನ ಪದರ ಅಲ್ಲಲ್ಲಿ ಸುಲಿಯುತ್ತದೆ, ಇಲ್ಲವೇ ಆಲ್ಬಂನ ಕಪ್ಪು ಕಾಗದದ ಚೂರು, ಅಂಟಿನ ಕಂದು ತೇಪೆ ಉಳಿಯುತ್ತದೆ. ನೀವು ಹೇಳಿದ ಪ್ರಕಾರ ಬೆನ್ನು ಇಡಿಯಾಗಿದೆ, ಕಲೆ ಮಾತ್ರ ಇದೆ. ಹೇಳಿಕೆಗೂ ವಸ್ತುವಿಗೂ ಹೊಂದಿಕೆ ಇಲ್ಲ.

ಓಲ್ಡ್ ಜಡ್ಜ್‌ನಲ್ಲಿ ಬೆನ್ನು ಸುಲಿದ ಕಾರ್ಡು ಬೇಕಾದಷ್ಟಿವೆ, ಅದು ದೋಷವೇ ಹೊರತು ಮೋಸವಲ್ಲ. ಬೆನ್ನು ಸುಲಿದಿದೆ ಎಂದು ಹೇಳಿ ಮಾರಿದರೆ ಚಿತ್ರದ ಸ್ಪಷ್ಟತೆಯ ಮೇಲೆ ಒಳ್ಳೇ ಬೆಲೆಯೂ ಸಿಗುತ್ತದೆ. ಸುಲಿದ ಬೆನ್ನಿಗೆ ಹೊಸ ರಟ್ಟು ಅಂಟಿಸಿ, ಕಲೆ ಹಾಕಿ, ಹೇಳದೆ ಮಾರುವುದು ಮೋಸ.

ಪಡುವಣತೀರ:

ತುಸು ತಡೆಯಿರಿ. ಮುಂಬದಿ ಅಸಲಿ ಎಂದು ಎಲ್ಲರೂ ಆಗಲೇ ಒಪ್ಪಿಕೊಂಡ ಹಾಗಿದೆ. ಅಲ್ಬುಮೆನ್ ಮುದ್ರಣ ಸತ್ತ ವಿದ್ಯೆಯಲ್ಲ. ಇವತ್ತಿಗೂ ಹಳೇ ವಿಧಾನದಲ್ಲಿ ಕೆಲಸ ಮಾಡುವ ಫೋಟೊಗ್ರಾಫರುಗಳು ಮೊಟ್ಟೆ ಒಡೆದು, ಸಿಲ್ವರ್ ನೈಟ್ರೇಟ್ ಹಾಕಿ ಮಾಡುತ್ತಾರೆ. ಸ್ಕ್ಯಾನಿನಿಂದ ಡಿಜಿಟಲ್ ನೆಗೆಟಿವ್ ತೆಗೆದು ಹಾಗೆ ಮುದ್ರಿಸಿದರೆ ಚುಕ್ಕೆ ಇರುವುದಿಲ್ಲ, ನಾರು ಕಾಣುತ್ತದೆ, ಹೊಸ ಅಲ್ಬುಮೆನ್ ಕೂಡ ಬಿರಿಯುತ್ತದೆ. ಹೊಳಪುಕಾರಕ ಇಲ್ಲದ ಕಾಗದ ಬಳಸಿದರೆ ಯುವಿಯಲ್ಲೂ ಪಾಸಾಗುತ್ತದೆ. ಅಂಥ ಕಾಗದವನ್ನು ಹೊಸ ರಟ್ಟಿಗೆ ಅಂಟಿಸಿದರೆ ಎಡಿಸನ್ ಅವರು ಬರೆದ ಫಲಿತಾಂಶವೇ ಬರುತ್ತದಲ್ಲವೇ?

ತೆಳುಪದರ:

ಸರಿಯಾದ ಪ್ರಶ್ನೆ. ಸಾಮಾನ್ಯ ಆಟಗಾರನ ಮಾಸಿದ ಕಾರ್ಡು ಕೆಲವು ನೂರು ಡಾಲರಿಗೆ ಸಿಗುವಾಗ ಇಷ್ಟು ಶ್ರಮ ಯಾರೂ ಪಡುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಅದು ಊಹೆ, ವಸ್ತುವಿನಲ್ಲೇ ಉತ್ತರ ಹುಡುಕೋಣ. ಆ ಕಾಲದ ಪ್ರಸಿದ್ಧ ಆಟಗಾರ ಕ್ಯಾಪ್ ಆನ್ಸನ್ ಸಮವಸ್ತ್ರದಲ್ಲಿರುವ ಕಾರ್ಡಿನಂಥ ವಿರಳ ವಸ್ತುವಾದರೆ ಆ ಊಹೆ ಹೇಗೂ ನಿಲ್ಲುವುದಿಲ್ಲ.

ಪ್ರತಿಯ ಪ್ರತಿಯಲ್ಲಿ ವಿವರ ಕಳೆದುಹೋಗುತ್ತದೆ. ಈ ಚಿತ್ರಗಳನ್ನು ಸ್ಟುಡಿಯೋದಲ್ಲಿ ತೆಗೆದರು. ನ್ಯೂಯಾರ್ಕ್ ಭಾಗದ ಆಟಗಾರರನ್ನು ಹೆಚ್ಚಾಗಿ ತೆಗೆದದ್ದು ಬ್ರೂಕ್ಲಿನ್‌ನ ಜೋಸೆಫ್ ಹಾಲ್ ಸ್ಟುಡಿಯೋ. ಆಗಿನ ಕ್ಯಾಮೆರಾಕ್ಕೆ ಹಾರುವ ಚೆಂಡು ಹಿಡಿಯುವ ವೇಗ ಇರಲಿಲ್ಲ. ಅದಕ್ಕೆ ಚೆಂಡನ್ನು ದಾರದಲ್ಲಿ ನೇತುಹಾಕಿ, ಆಟಗಾರ ಅದನ್ನು ಹಿಡಿಯುವ ಹಾಗೆ ನಿಲ್ಲಿಸುತ್ತಿದ್ದರು. ಅನೇಕ ಕಾರ್ಡುಗಳಲ್ಲಿ ಆ ದಾರ ಕಾಣುತ್ತದೆ. ನಿಮ್ಮದೂ ಚೆಂಡು ಹಿಡಿಯುವ ಭಂಗಿ. ಚೆಂಡಿನ ಮೇಲ್ಭಾಗದಿಂದ ಮೇಲಕ್ಕೆ ಮೈಕ್ರೋಸ್ಕೋಪಿನಲ್ಲಿ ನಿಧಾನವಾಗಿ ಸಾಗಿ. ಮಾಸಿದ ಅಸಲಿಯಲ್ಲೂ ದಾರದ ಗೆರೆ ಕಡಿದು ಕಡಿದು ಆದರೂ ಚೂಪಾಗಿ ಸಿಗುವ ಸಾಧ್ಯತೆ ಹೆಚ್ಚು. ಪ್ರತಿಯಲ್ಲಿ ಅದು ಹಿಂಪರದೆಯೊಳಗೆ ಕರಗಿಹೋಗಿರುತ್ತದೆ ಅಥವಾ ಮಸುಕು ಪಟ್ಟಿಯಾಗಿರುತ್ತದೆ.

ಅಕ್ಷರದ ಅಂಚು ನೋಡಿ. ಗುಡ್‌ವಿನ್ ಹೆಸರಿನ ಚಿಕ್ಕ ಅಕ್ಷರಗಳ ಒಳಗಿನ ತೂತುಗಳು ತೆರೆದಿವೆಯೇ? ಪ್ರತಿಯಲ್ಲಿ ಅವು ತುಂಬಿಕೊಳ್ಳುತ್ತವೆ. ಡಿಜಿಟಲ್ ನೆಗೆಟಿವ್ ಬಳಸಿದ್ದರೆ 60 ಪಟ್ಟಿನಲ್ಲಿ ಪ್ರಿಂಟರಿನ ಸಣ್ಣ ಅಡ್ಡ ಪಟ್ಟಿಗಳು ಹಿಂಪರದೆಯ ಸಮತಟ್ಟು ಭಾಗದಲ್ಲಿ ಸಿಗುವುದುಂಟು.

ಮಾಸಿದ ರೀತಿಯೂ ಸಾಕ್ಷಿಯೇ. ಅಲ್ಬುಮೆನ್‌ನಲ್ಲಿ ಮೊದಲು ಹೋಗುವುದು ಬೆಳಕಿನ ಭಾಗದ ವಿವರ: ಮುಖದ ನೆರಳು, ಅಂಗಿಯ ಗುಂಡಿ. ಆ ಜಾಗ ಹಳದಿಯಾಗುತ್ತದೆ. ಗಾಢ ಭಾಗ ನೇರಳೆಗಂದಿನಿಂದ ಹಳದಿಗಂದಿಗೆ ಇಳಿದರೂ ಆಕಾರ ಉಳಿಯುತ್ತದೆ. ಮುದ್ರಿಸುವಾಗಲೇ ಮಂಕು ಮಾಡಿದ್ದರೆ ಬೆಳಕು, ಗಾಢ ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗಿರುತ್ತವೆ.

ಕಾಗದನಾರು:

ಇದರ ಜೊತೆಗೆ ಸಂಗ್ರಹಾಲಯದ ಪ್ರತಿಗಳೊಡನೆ ಹೋಲಿಸಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬರ್ಡಿಕ್ ತಾವೇ ಕೊಟ್ಟ ಸಂಗ್ರಹ ಇದೆ. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು, 1963ರಲ್ಲಿ ತೀರಿಕೊಳ್ಳುವ ತನಕ ಅವರೇ ಕೂತು ಆಲ್ಬಂಗಳಿಗೆ ಅಂಟಿಸಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹದ ಸುಮಾರು 2,100 ಕಾರ್ಡು ಇವೆ. ಎರಡೂ ಕಡೆ ದೊಡ್ಡ ಗಾತ್ರದ ಚಿತ್ರಗಳು ಜಾಲತಾಣದಲ್ಲಿ ಉಚಿತ. ನಿಮ್ಮ ಆಟಗಾರನ ಅದೇ ಭಂಗಿ ಸಿಕ್ಕರೆ ಎರಡು ಕೆಲಸ ಮಾಡಬೇಕು.

ಮೊದಲನೆಯದು, ಹೆಸರು, ತಂಡ, ಕಾಪಿರೈಟ್ ಸಾಲು, ಅಕ್ಷರ ಶೈಲಿ, ಕಾಲಿಟ್ಟ ಜಾಗ, ಹಿಂಪರದೆಯ ಚಿತ್ರ ಹೊಂದುತ್ತವೆಯೇ ನೋಡುವುದು. ಅದೇ ಭಂಗಿ ಬೇರೆ ವರ್ಷ ಬೇರೆ ತಂಡದ ಹೆಸರಿನಲ್ಲಿ ಬಂದಿರಬಹುದು, ಅದರಿಂದ ಗಾಬರಿ ಬೇಡ. ಚಿತ್ರದ ಚೌಕಟ್ಟು ಸ್ವಲ್ಪ ಸರಿದಿರುವುದೂ ಸಹಜ.

ಎರಡನೆಯದು ಇನ್ನೂ ಮುಖ್ಯ. ಕಲೆ, ಗೀರು, ಮಡಿಕೆ, ಮೂಲೆಯ ಆಕಾರ ಇವು ಹೊಂದಬಾರದು. ಎರಡು ಕಾರ್ಡು 130 ವರ್ಷ ಬೇರೆ ಬೇರೆ ಕೈಗಳಲ್ಲಿ ಸವೆದು ಒಂದೇ ಜಾಗದಲ್ಲಿ ಒಂದೇ ಆಕಾರದ ಕಲೆ ಪಡೆಯುವುದಿಲ್ಲ. ನಕಲುಗಾರರಿಗೂ ಇದೇ ಉಚಿತ ಚಿತ್ರಗಳೇ ಮೂಲ. ಅಸಲಿಯ ಮೇಲಿನ ಒಂದು ಮಸಿ ಚುಕ್ಕೆಯನ್ನು ಅಳಿಸಲು ಮರೆತರೆ ಅದು ನಕಲಿಯ ಮೇಲೂ ಬಂದಿರುತ್ತದೆ. ಎರಡೂ ಚಿತ್ರವನ್ನು ಒಂದೇ ಗಾತ್ರಕ್ಕೆ ತಂದು ಒಂದರ ಮೇಲೊಂದಿಟ್ಟು ನೋಡಿ. ನಿಮ್ಮದನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಹರಾಜು ಮನೆಗಳ ಹಳೇ ಮಾರಾಟದ ಚಿತ್ರಗಳಲ್ಲೂ ಹುಡುಕಿ. ಅಲ್ಲಿ ಇದೇ ಕಾರ್ಡು ಬೆನ್ನು ಸುಲಿದ ಸ್ಥಿತಿಯಲ್ಲಿ ಸಿಕ್ಕಿಬಿಟ್ಟರೆ ನಿಮ್ಮ ಪ್ರಶ್ನೆಗೆ ನೇರ ಉತ್ತರವೇ ಸಿಕ್ಕಂತೆ.

ಮೈಸೂರುಮಾಳಿಗೆ:

ಅಸಲಿ ಅಲ್ಬುಮೆನ್ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಕಾರ್ಡು ಕೊಳ್ಳಲೇಬೇಕೆಂದಿಲ್ಲ. 1880ರ ದಶಕದ ಹೆಸರಿಲ್ಲದ ಜನರ ಕ್ಯಾಬಿನೆಟ್ ಕಾರ್ಡು, ಅದಕ್ಕಿಂತ ಚಿಕ್ಕದಾದ ಕಾರ್ಟ್ ದ ವಿಸಿಟ್ ಭಾವಚಿತ್ರ ಅಮೆರಿಕದಲ್ಲಿ ಕೆಲವೇ ಡಾಲರಿಗೆ ಸಿಗುತ್ತವೆ. ನಮ್ಮ ಕಡೆಯ ಹಳೇ ಮನೆಗಳ ಆಲ್ಬಂಗಳಲ್ಲೂ ಬೆಂಗಳೂರು, ಮದರಾಸು ಸ್ಟುಡಿಯೋಗಳ ಮುದ್ರೆ ಇರುವ ಅಂಥ ಫೋಟೊ ಇರುತ್ತವೆ, ವಿಧಾನ ಒಂದೇ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಪಕ್ಕದಲ್ಲಿ ಅನುಮಾನದ ಕಾರ್ಡಿಟ್ಟು ಹೋಲಿಸಿ. ರೋಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ನಡೆಸುವ ಗ್ರಾಫಿಕ್ಸ್ ಅಟ್ಲಾಸ್ ತಾಣದಲ್ಲಿ ಪ್ರತಿ ವಿಧಾನದ ಹತ್ತಿರದ ಚಿತ್ರಗಳಿವೆ, ಅದೂ ಬಹಳ ಉಪಯೋಗ.

ಪಡುವಣತೀರ:

ಕಾರ್ಟ್ ದ ವಿಸಿಟ್ ಮಾತು ಬಂದದ್ದರಿಂದ ಸೇರಿಸುತ್ತೇನೆ. 1860ರ ದಶಕದ ತಂಡಗಳ ಫೋಟೊ ಅದೇ ರೂಪದಲ್ಲಿ ಬಂದಿವೆ. ಬ್ರೂಕ್ಲಿನ್ ಅಟ್ಲಾಂಟಿಕ್ಸ್ ತಂಡದ 1865ರದ್ದು ಹೆಸರಾದದ್ದು. ಆ ಕಾಲದ ರಟ್ಟು ತೆಳು, ಮೂಲೆ ಚೌಕ. ದುಂಡು ಮೂಲೆ ಬಂದದ್ದು 1870ರ ದಶಕದಲ್ಲಿ. ದಪ್ಪ ರಟ್ಟು, ದುಂಡು ಮೂಲೆ, ಚಿನ್ನದ ಓರೆ ಅಂಚು ಇದ್ದು 1865 ಎಂದು ಹೇಳಿದರೆ ನಂಬಬೇಡಿ. 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಅಮೆರಿಕದಲ್ಲಿ ಫೋಟೊಗೆ ತೆರಿಗೆ ಇತ್ತು, ಹಿಂಬದಿಗೆ ರೆವೆನ್ಯೂ ಸ್ಟಾಂಪ್ ಅಂಟಿಸುತ್ತಿದ್ದರು. ಸ್ಟಾಂಪ್ ಇದ್ದರೆ ಸಂತೋಷ, ಆದರೆ ಹಳೇ ಸ್ಟಾಂಪ್ ಅಗ್ಗಕ್ಕೆ ಸಿಗುತ್ತದೆ, ಆಮೇಲೆ ಅಂಟಿಸಬಹುದು. ರದ್ದು ಮಾಡಿದ ಶಾಯಿಯ ಗೀಟು ಸ್ಟಾಂಪಿನಿಂದ ರಟ್ಟಿಗೂ ಮುಂದುವರಿದಿದೆಯೇ ಎಂದು ನೋಡುವುದು ವಾಡಿಕೆ.

1913ರ ಟಿ200, ಅಂದರೆ ಫಾತಿಮಾ ಸಿಗರೇಟಿನ ತಂಡಚಿತ್ರದ ಕಾರ್ಡುಗಳಿಗೆ ಲೆಕ್ಕವೇ ಬೇರೆ. ಲಿಗೆಟ್ ಅಂಡ್ ಮೈಯರ್ಸ್ ಕಂಪನಿಯವು, 16 ತಂಡ, ಹೊಳಪಿನ ತೆಳು ಫೋಟೊ ಕಾಗದ. ಅಲ್ಲಿ ಕಪ್ಪು ಬಿಳುಪು ಬಣ್ಣ, ಸುಲಭವಾಗಿ ಸೀಳುವ ಮೈ, ಇವೆಲ್ಲ ಸಹಜ. ಓಲ್ಡ್ ಜಡ್ಜ್‌ನಲ್ಲಿ ದೋಷ ಎನಿಸುವುದು ಅಲ್ಲಿ ಗುಣ.

ಎಡಿಸನ್‌ಕನ್ನಡಿಗ:

ಕೇಳಿದ್ದಕ್ಕೆಲ್ಲ ಉತ್ತರ.

ದಾರ ಇದೆ! ಚೆಂಡಿನ ಮೇಲಿಂದ ಸುಮಾರು 6 ಮಿ.ಮೀ. ಉದ್ದಕ್ಕೆ ಸ್ಪಷ್ಟ, ಆಮೇಲೆ ಮಾಸಿ ಹೋಗಿ ಮೇಲಂಚಿನ ಹತ್ತಿರ ಮತ್ತೆ ಕಾಣುತ್ತದೆ. ಗುಡ್‌ವಿನ್ ಹೆಸರಿನ ಚಿಕ್ಕ ಅಕ್ಷರಗಳ ತೂತು ತೆರೆದಿವೆ. ಹಿಂಪರದೆಯಲ್ಲಿ ಪಟ್ಟಿ ಇಲ್ಲ. ಕೆನ್ನೆಯ ವಿವರ ಪೂರ್ತಿ ಹೋಗಿದೆ, ಬೆಲ್ಟ್ ಮತ್ತು ಟೋಪಿ ಗಟ್ಟಿಯಾಗಿವೆ. ಮ್ಯೂಸಿಯಂ ಪ್ರತಿಯೊಂದರ ಜೊತೆ ಭಂಗಿ, ಅಕ್ಷರ ಎಲ್ಲ ಹೊಂದಿತು, ಸವೆತ ಒಂದೂ ಹೊಂದಲಿಲ್ಲ.

ಹಿಂಬದಿಯಲ್ಲಿ ಮಡಿಕೆ ಗೆರೆ ಇಲ್ಲ, ಓರೆ ಬೆಳಕಿನಲ್ಲೂ ಇಲ್ಲ. ಅಂಚಿನಲ್ಲಿ ಮೂರು ಭಾಗ: ಮೇಲೆ ತೆಳು ಕೆನೆ ಬಣ್ಣ, ನಡುವೆ ಯುವಿಯಲ್ಲಿ ಹೊಳೆಯುವ ಸಪೂರ ಗೆರೆ, ಕೆಳಗೆ ದಪ್ಪನೆಯ ಬೂದು ಬಿಳುಪು. ಮೂಲೆಯಲ್ಲಿ ಚಿತ್ರ ಜುಂಗಾಗಿದೆ, ಅದರಡಿಯ ರಟ್ಟು ನುಣ್ಣಗೆ ದುಂಡಾಗಿದೆ. ಕಂದು ಕಲೆ ಹಿಂಬದಿಯ ಅಂಚಿಗೆ ಬಂದು ನಿಂತಿದೆ, ಕೆನೆ ಪದರಕ್ಕೆ ಹತ್ತಿಲ್ಲ.

ಅಂಚುಗಣ್ಣು:

ಇಷ್ಟು ಸಾಕು. ಚಿತ್ರ ಅಸಲಿ ಓಲ್ಡ್ ಜಡ್ಜ್ ಎನ್ನುವುದಕ್ಕೆ ನೀವು ನೋಡಿದ್ದೆಲ್ಲ ಒಂದೇ ಕಡೆ ಬೆರಳು ತೋರಿಸುತ್ತದೆ. ಬೆನ್ನು ಹೊಸದು. ಮೂಲ ರಟ್ಟು ಸುಲಿದುಹೋದ ಚಿತ್ರವನ್ನು ಈಚಿನ ರಟ್ಟಿಗೆ ಅಂಟಿಸಿ, ಮೂಲೆ ದುಂಡಗೆ ಉಜ್ಜಿ, ಹಿಂಬದಿಗೆ ಕಲೆ ಹಾಕಿದ್ದಾರೆ. ನಡುವಿನ ಹೊಳೆಯುವ ಗೆರೆ ಬಿಳಿ ಗೋಂದು ಇರುವ ಸಂಭವ ಹೆಚ್ಚು.

ದಯವಿಟ್ಟು ಹೊಸ ರಟ್ಟನ್ನು ಬಿಡಿಸಲು ಹೋಗಬೇಡಿ. ಬಿಳಿ ಗೋಂದು ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಉಗಿ ಕೊಟ್ಟರೆ ಅಲ್ಬುಮೆನ್ ಇನ್ನಷ್ಟು ಬಿರಿಯುತ್ತದೆ. ಆ ಕೆಲಸ ಕಾಗದ ಮತ್ತು ಫೋಟೊ ಸಂರಕ್ಷಣೆ ಕಲಿತವರದು, ಅವರ ಶುಲ್ಕ ಈ ಕಾರ್ಡಿನ ಬೆಲೆಗಿಂತ ಹೆಚ್ಚಾಗಬಹುದು.

ಕಾಗದನಾರು:

ಒಪ್ಪುತ್ತೇನೆ. ಇನ್ನು ಗ್ರೇಡಿಂಗ್ ವಿಷಯ. ಪಿಎಸ್‌ಎ, ಎಸ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳು ಎರಡೂ ಓಲ್ಡ್ ಜಡ್ಜ್ ನೋಡುತ್ತವೆ. ಬೆನ್ನು ಬದಲಾದ ಕಾರ್ಡಿಗೆ ಸಂಖ್ಯೆಯ ದರ್ಜೆ ನಿರೀಕ್ಷಿಸಬೇಡಿ, ಹೆಚ್ಚೆಂದರೆ ಅಸಲಿ ಆದರೆ ಬದಲಾಯಿಸಿದ್ದು ಎಂಬ ಗುರುತು ಬರುತ್ತದೆ. ಯಾರೇ ಆಗಲಿ, ಮೊದಲೇ ಸ್ಲ್ಯಾಬ್ ಆದ (ದರ್ಜೆ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ) ಕಾರ್ಡು ಕೊಳ್ಳುವಾಗ ಪ್ರಮಾಣ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ಅಲ್ಲಿನ ಚಿತ್ರದೊಡನೆ ಮಡಿಕೆ, ಕಲೆ ಹೋಲಿಸಿ. ಸಂಖ್ಯೆ ಕದ್ದು ನಕಲಿ ಪೆಟ್ಟಿಗೆ ಮಾಡುತ್ತಾರೆ, ಕಲೆ ಕದಿಯುವುದು ಕಷ್ಟ. ದರ್ಜೆಯೊಂದನ್ನೇ ನೋಡಿ ಬೆಲೆ ಕಟ್ಟಬೇಡಿ: ಮೂಲೆ ಚೆನ್ನಾಗಿದ್ದು ಮುಖವೇ ಕಾಣದ, 4ರ ದರ್ಜೆಯ ಕಾರ್ಡಿಗಿಂತ, ಬೆನ್ನು ಸುಲಿದು ಚಿತ್ರ ಕಪ್ಪಗೆ ಉಳಿದ, ಕೆಳಗಿನ 1ರ ದರ್ಜೆಯದು ಎಷ್ಟೋ ಮೇಲು. ಹಳೇ ಸಂಗ್ರಾಹಕರು ಬೆಲೆ ಕೊಡುವುದೂ ಹಾಗೆಯೇ.

ಎಡಿಸನ್‌ಕನ್ನಡಿಗ:

ಚಿತ್ರ ಇಷ್ಟ ಆಗಿದೆ, ಇಟ್ಟುಕೊಳ್ಳುವ ಮನಸ್ಸಿದೆ. ಬೆಲೆ ಕಡಿಮೆ ಮಾಡಿ ಎಂದು ಕೇಳುವುದು ಸರಿಯೇ?

ಅಂಚುಗಣ್ಣು:

ಖಂಡಿತ ಸರಿ. ವಾಪಸಿನ ಅವಧಿ ಮುಗಿಯುವ ಮೊದಲು ಮಾರಾಟದ ತಾಣದ ಸಂದೇಶ ಪೆಟ್ಟಿಗೆಯಲ್ಲೇ ಬರೆಯಿರಿ, ಫೋನಿನಲ್ಲಿ ಬೇಡ. ನಾಲ್ಕು ಫೋಟೊ ಹಾಕಿ: ಮುಂದೆ ಮಡಿಕೆ, ಅದೇ ಜಾಗದ ಹಿಂಬದಿ, ಅಂಚಿನ ಮೂರು ಪದರ, ಯುವಿಯಲ್ಲಿ ಹಿಂಬದಿ ಪ್ರಿಂಟರ್ ಹಾಳೆಯ ಜೊತೆ. ನಕಲಿ ಎಂಬ ಪದ ಬಳಸಬೇಡಿ, ಚಿತ್ರ ಅಸಲಿಯೇ. ಹಿಂಬದಿ ಮೂಲದ್ದಲ್ಲ, ವಿವರಣೆಯಲ್ಲಿ ಅದು ಇರಲಿಲ್ಲ ಎಂದಷ್ಟೇ ಬರೆಯಿರಿ. ಬೆನ್ನು ಸುಲಿದು ಇಷ್ಟೇ ಮಾಸಿದ ಸಾಮಾನ್ಯ ಆಟಗಾರರ ಕಾರ್ಡುಗಳು ಈಚೆಗೆ ಎಷ್ಟಕ್ಕೆ ಮಾರಾಟವಾಗಿವೆ ಎಂಬ ಮೂರ್ನಾಲ್ಕು ಉದಾಹರಣೆ ಕೊಟ್ಟು, ಆ ಬೆಲೆಗಿಂತ ಸ್ವಲ್ಪ ಕಡಿಮೆ ಕೇಳಿ. ಒಪ್ಪದಿದ್ದರೆ ವಾಪಸು ಕೊಡಿ.

ಇಟ್ಟುಕೊಂಡರೆ ಹಿಂಬದಿ ಹೊಸದು ಎಂದು ಚೀಟಿ ಬರೆದು ಕವರಿನಲ್ಲಿ ಹಾಕಿಡಿ. ಕಾರ್ಡಿನ ಮೇಲೆ ಬರೆಯಬೇಡಿ. ಕಾರ್ಡಿಗೆ ಪಾಲಿಯೆಸ್ಟರ್ ಹೊದಿಕೆ ಒಳ್ಳೆಯದು, ಪಿವಿಸಿ ಪ್ಲಾಸ್ಟಿಕ್ಕಿನದು ಬೇಡ. ಬಿಸಿಲು, ಅಡುಗೆಮನೆಯ ಹಬೆ, ಒದ್ದೆ ನೆಲಮಾಳಿಗೆ ಮೂರರಿಂದಲೂ ದೂರ ಇರಲಿ.

ಎಡಿಸನ್‌ಕನ್ನಡಿಗ:

ಇವತ್ತೇ ಫೋಟೊ ತೆಗೆದು ಬರೆಯುತ್ತೇನೆ. ಅಂಚಿನ ಚಿತ್ರ ಸ್ಪಷ್ಟವಾಗಿ ಬಂದರೆ ಇಲ್ಲಿಯೂ ಹಾಕುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೆ ಸಿಗಲಿ.